ಸೆಂಟು ಬೇಡ, ಕಿಟಕಿ ತೆಗೆಯಿರಿ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಮನೆಗಳಿಗೆ ಬಂದುಹೋಗುವ ನೆಂಟರಿಗೂ ಅವರನ್ನು ಕರೆಯುವ ಮನೆಯವರಿಗೂ ಒಂದು ಬಹಿರಂಗ ಪತ್ರ

ಪ್ರೀತಿಯ ನೆಂಟರೇ, ಮನೆಯವರೇ,

ಎಲೆಯ ಯಾವ ಮೂಲೆಗೆ ಉಪ್ಪು ಬಡಿಸಬೇಕು, ಮುತ್ತೈದೆಯರನ್ನು ಹೇಗೆ ಕಳಿಸಿಕೊಡಬೇಕು, ಹಿರಿಯರು ಬಂದಾಗ ಎಲ್ಲಿ ಕೂರಿಸಬೇಕು ಎಂದು ಹೇಳಿಕೊಡುವವರು ನಮ್ಮ ಮನೆಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೇರೆಯವರ ಮನೆಯ ಬಾತ್‌ರೂಮಿಗೆ ಹೋದಾಗ ಹೇಗಿರಬೇಕು ಎಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾಚಿಕೆಗೆ ಆ ಮಾತು ಗಂಟಲಲ್ಲೇ ಉಳಿಯುತ್ತದೆ. ಹಾಗೆ ಉಳಿದ ಮಾತಿನಿಂದ ಕೆಲವರ ಉಸಿರಿಗೇ ಕುತ್ತು ಬರುತ್ತಿದೆ. ಅದಕ್ಕಾಗಿ ಈ ಪತ್ರ.

ನನ್ನ ಕೋರಿಕೆ ಇಷ್ಟೇ: ದೇಹದ ವಾಸನೆಗೆ ನಾಚಬೇಡಿ, ಅದನ್ನು ಮುಚ್ಚಲು ಸುಗಂಧ ಸುರಿಯಬೇಡಿ.

ನಾಚಿಕೆ ಎಲ್ಲಿಂದ ಬಂತು ಎಂಬುದು ನನಗೆ ಅರ್ಥವಾಗುತ್ತದೆ. ಊರಿನ ಮನೆಯಲ್ಲಿ ಕಕ್ಕಸು ಹಿತ್ತಿಲಾಚೆ ಇರುತ್ತಿತ್ತು. ನಡುವೆ ಬಾವಿಕಟ್ಟೆ, ಬಾಳೆಗಿಡ, ಗಾಳಿ. ಯಾರು ಹೋದರು, ಎಷ್ಟು ಹೊತ್ತಾಯಿತು ಎಂದು ಪಡಸಾಲೆಯಲ್ಲಿ ಕೂತವರಿಗೆ ಗೊತ್ತಾಗುತ್ತಿರಲಿಲ್ಲ. ಈಗ ದಾಸರಹಳ್ಳಿ, ಲಗ್ಗೆರೆ ಕಡೆ ಟ್ವೆಂಟಿ ಥರ್ಟಿ ಸೈಟಿನಲ್ಲಿ ಮೂರು ಮಹಡಿ ಏಳುತ್ತದೆ. ಬಾತ್‌ರೂಮ್ ಮೆಟ್ಟಿಲ ಕೆಳಗೆ ಸೇರಿಕೊಳ್ಳುತ್ತದೆ, ಗಾಳಿಗೆ ಒಂದು ಗೇಣು ವೆಂಟಿಲೇಟರ್. ವೈಟ್‌ಫೀಲ್ಡಿನ ಟೂ ಬಿಎಚ್‌ಕೆಯಲ್ಲಿ ನೆಂಟರು ಬಳಸುವ ಬಾತ್‌ರೂಮಿನ ಬಾಗಿಲು ಹಾಲಿಗೇ ತೆರೆಯುತ್ತದೆ, ಎದುರಿಗೇ ಡೈನಿಂಗ್ ಟೇಬಲ್. ಎಲೆಕ್ಟ್ರಾನಿಕ್ ಸಿಟಿಯ ಪಿಜಿಗಳಲ್ಲಿ ಒಂದು ಕೋಣೆಯ ಮೂರು ಮಂಚಕ್ಕೆ ಒಂದು ಬಾತ್‌ರೂಮ್. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳಾಗಿದ್ದಾಗ ಮನೆಗೂ ಕಕ್ಕಸಿಗೂ ನಡುವೆ ಇದ್ದ ಬಯಲು ಇವತ್ತು ಒಂದು ಫ್ಲಶ್ ಡೋರಿನಷ್ಟು ದಪ್ಪಕ್ಕೆ ಇಳಿದಿದೆ. ಮನುಷ್ಯರ ಹೊಟ್ಟೆ ಬದಲಾಗಿಲ್ಲ, ಮನೆಯ ನಕ್ಷೆ ಬದಲಾಗಿದೆ.

ಆ ಬಾಗಿಲಿನಿಂದ ಹೊರಗೆ ಬರುವ ಮುಂಚೆ ನೆಂಟರು ಕೈಗೆ ಸಿಕ್ಕ ಸ್ಪ್ರೇ ಒತ್ತುತ್ತಾರೆ. ಬ್ಯಾಗಿನಲ್ಲಿದ್ದ ಬಾಡಿ ಸ್ಪ್ರೇ ಆದರೂ ಸರಿ. ಮನೆಯವರು ಬೆಳಿಗ್ಗೆಯೇ ಫಿನಾಯಿಲ್ ಸುರಿದು, ಗೋಡೆಗೆ ಸುಗಂಧದ ಬಿಲ್ಲೆ ನೇತುಹಾಕಿ, ವಾಷ್‌ಬೇಸಿನ್ನಿಗೆ ನುಸಿಗುಳಿಗೆ ಹಾಕಿ, ಮೂಲೆಯಲ್ಲಿ ಊದುಬತ್ತಿ ಹಚ್ಚಿಟ್ಟಿರುತ್ತಾರೆ. ಇಬ್ಬರದೂ ಒಳ್ಳೆಯ ಮನಸ್ಸೇ. ಆದರೆ ಅದೇ ಬಾತ್‌ರೂಮಿಗೆ ಮುಂದೆ ಹೋಗುವವರು ಯಾರು? ನನ್ನ ಅಕ್ಕನ ಮಗಳಿಗೆ ಉಬ್ಬಸ. ಗೃಹಪ್ರವೇಶ, ನಾಮಕರಣ ಎಂದರೆ ಅವಳ ತಾಯಿ ಸೀರೆಗಿಂತ ಮೊದಲು ಇನ್‌ಹೇಲರ್ ತೆಗೆದಿಟ್ಟುಕೊಳ್ಳುತ್ತಾಳೆ. ರೂಮ್ ಫ್ರೆಶ್‌ನರ್ ತುಂಬಿದ ಬಾತ್‌ರೂಮಿಗೆ ಹೋಗಿ ಬಂದ ಮಗು ಎದೆ ಹಿಡಿದುಕೊಂಡು ಕೆಮ್ಮುವಾಗ, ಸುತ್ತಲಿನವರು “ಏನಾಯ್ತು ಪುಟ್ಟಿ, ನೀರು ಕುಡಿ” ಅನ್ನುತ್ತಾರೆ. ಕಾರಣ ಏನೆಂದು ಹೇಳಿದರೆ ಮನೆಯವರಿಗೆ ಬೇಜಾರಾದೀತೆಂದು ತಾಯಿ ಸುಮ್ಮನಿರುತ್ತಾಳೆ. ಅವಳು ಸುಮ್ಮನಿರುವ ಹಾಗೆ ಮಾಡಿರುವುದು ನಮ್ಮೆಲ್ಲರ ಸಂಕೋಚ.

ಇದು ಒಂದು ಮಗುವಿನ ಕತೆಯಲ್ಲ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನ ವೈದ್ಯರಿಗೆಲ್ಲ ಗೊತ್ತಿರುವುದೇ. 1979ರಲ್ಲಿ ಶೇಕಡಾ 9ರಷ್ಟಿದ್ದ ಆಸ್ತಮಾ 1999ರ ಹೊತ್ತಿಗೆ ಶೇಕಡಾ 29.5 ತಲುಪಿತ್ತು. ವಾಹನದ ಹೊಗೆ, ಧೂಳು, ಊರು ಬೆಳೆದ ರೀತಿ ಅದಕ್ಕೆ ಕಾರಣಗಳು. ರೂಮ್ ಫ್ರೆಶ್‌ನರ್ ಈ ಕಾಯಿಲೆಯನ್ನು ತಂದಿತೆಂದು ನಾನು ಹೇಳುತ್ತಿಲ್ಲ. ಆದರೆ ಒಮ್ಮೆ ಕೆರಳಿದ ಶ್ವಾಸನಾಳಕ್ಕೆ ಘಾಟು, ಹೊಗೆ, ಸೆಂಟು ಎಲ್ಲವೂ ಕಿಡಿ. ಆಗಿನ ಆ ಮಕ್ಕಳೇ ಇಂದು ನಿಮ್ಮ ಮನೆಗೆ ಹೆಂಡತಿ ಮಕ್ಕಳೊಂದಿಗೆ ಬರುವ ನೆಂಟರು.

ಪೀಣ್ಯದ ಕತೆ ಇನ್ನೂ ಬೇರೆ. ಇಲ್ಲಿ ಪ್ಲೇಟಿಂಗ್ ಶೆಡ್ಡುಗಳಿವೆ, ಸ್ಪ್ರೇ ಪೇಂಟಿಂಗ್, ಪೌಡರ್ ಕೋಟಿಂಗ್ ಇದೆ. ಸ್ಪ್ರೇ ಪೇಂಟಿನ ಐಸೊಸಯನೇಟ್‌ಗಳು, ಪ್ಲೇಟಿಂಗಿನ ನಿಕ್ಕಲ್, ಕ್ರೋಮಿಯಂ ಇವೆಲ್ಲ ಕೆಲಸದಿಂದ ಬರುವ ಆಸ್ತಮಾಕ್ಕೆ ಕಾರಣವೆಂದು ವೈದ್ಯಶಾಸ್ತ್ರ ಗುರುತಿಸಿದೆ. ಹಗಲೆಲ್ಲ ಅಂಥ ಶೆಡ್ಡಿನಲ್ಲಿದ್ದು ಭಾನುವಾರ ನಿಮ್ಮ ಮನೆಗೆ ಊಟಕ್ಕೆ ಬಂದ ಷಡ್ಡಕನಿಗೆ ನಿಮ್ಮ ಬಾತ್‌ರೂಮಿನ ಲ್ಯಾವೆಂಡರ್ ಬಿಲ್ಲೆ ಸುಗಂಧವಾಗಿ ಕಾಣಬೇಕಿಲ್ಲ. ಆತ ಗಂಡಸು, ಅದೂ ಕಾರ್ಖಾನೆಯಲ್ಲಿ ದುಡಿಯುವವನು. ಸೆಂಟಿನ ವಾಸನೆಗೆ ತಲೆ ಸಿಡಿಯುತ್ತಿದೆ ಎಂದು ಆತ ಯಾರ ಮುಂದೂ ಹೇಳಿಕೊಳ್ಳುವುದಿಲ್ಲ.

ಸ್ಪ್ರೇ ಮಾಡಿದರೆ ವಾಸನೆ ಹೋಗುವುದೂ ಇಲ್ಲ. ಮಲದ ವಾಸನೆಗೆ ಕಾರಣವಾದವು ಗಂಧಕ ಸೇರಿದ ಕೆಲವು ಅನಿಲಗಳು, ಇಂಡೋಲ್, ಸ್ಕಟೋಲ್ ಎಂಬ ಕಣಗಳು. ಇಂಡೋಲ್ ನಮ್ಮ ಮಲ್ಲಿಗೆಯ ಪರಿಮಳದಲ್ಲೂ ಇದೆ. ಅಲ್ಲಿ ಚೂರೇ ಚೂರು, ಇಲ್ಲಿ ಹೆಚ್ಚು. ಸ್ಪ್ರೇ ಈ ಕಣಗಳನ್ನು ತೆಗೆದುಹಾಕುವುದಿಲ್ಲ, ಅವುಗಳ ಮೇಲೆ ತನ್ನದನ್ನು ಹೇರುತ್ತದೆ. ನಿಂಬೆಯ ಪರಿಮಳ ಕೊಡುವ ಲಿಮೊನೀನ್ ಗಾಳಿಯ ಓಝೋನಿನೊಂದಿಗೆ ಸೇರಿದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಕಿಟಕಿಯಿಲ್ಲದ ನಾಲ್ಕಡಿ ಕೋಣೆಯಲ್ಲಿ ಇದೆಲ್ಲ ಎಲ್ಲಿಗೆ ಹೋಗಬೇಕು? ಮೂಗಿಗೂ ಒಂದು ಸ್ವಭಾವವಿದೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಅದು ಗೊತ್ತಾಗುವುದೇ ನಿಲ್ಲುತ್ತದೆ. ಹಾಗಾಗಿ ದಿನವೂ ಫ್ರೆಶ್‌ನರ್ ಬಳಸುವ ಮನೆಯವರಿಗೆ ತಮ್ಮ ಮನೆಯ ಘಾಟು ತಿಳಿಯುವುದಿಲ್ಲ. ಇನ್ನೂ ಸಾಲದೆಂದು ಮತ್ತಷ್ಟು ಹಾಕುತ್ತಾರೆ. ಹೊರಗಿನಿಂದ ಬಂದವರಿಗೆ ಬಾಗಿಲಲ್ಲೇ ತಲೆ ತಿರುಗುತ್ತದೆ.

ನಾನು ಸುಗಂಧದ ವಿರೋಧಿಯಲ್ಲ. 1916ರಲ್ಲೇ ಗಂಧದೆಣ್ಣೆಯ ಕಾರ್ಖಾನೆ ಕಂಡ ನಾಡು ನಮ್ಮದು. ಪೀಣ್ಯದಿಂದ ತುಮಕೂರು ರಸ್ತೆಯಲ್ಲಿ ಯಶವಂತಪುರದ ಕಡೆ ಹೋದರೆ ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆ ಸಿಗುತ್ತದೆ. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಅದನ್ನು ಹೊಸೆಯುವ ಕೂಲಿಯಿಂದ ಮಕ್ಕಳನ್ನು ಓದಿಸಿದ ತಾಯಂದಿರು ಈ ಸುತ್ತಿನಲ್ಲಿ ಎಷ್ಟೋ ಮಂದಿ. ದೇವರ ಮುಂದೆ, ತೆರೆದ ಕಿಟಕಿಯ ಕೋಣೆಯಲ್ಲಿ ಊದುಬತ್ತಿ ಹಚ್ಚುವುದಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ಒಂದು ಗ್ರಾಂ ಊದುಬತ್ತಿ ಉರಿದರೆ ಸುಮಾರು 45 ಮಿಲಿಗ್ರಾಂ ಸೂಕ್ಷ್ಮ ಕಣ ಗಾಳಿಗೆ ಸೇರುತ್ತದೆ. ಸಿಗರೇಟಿನಲ್ಲಿ ಅದು ಸುಮಾರು 10 ಮಿಲಿಗ್ರಾಂ. ನಾಲ್ಕಡಿಯ ಮುಚ್ಚಿದ ಬಾತ್‌ರೂಮಿಗೆ ಅದನ್ನು ಹಚ್ಚಿಡುವುದು ಬೇಡ.

ಇದಕ್ಕಿಂತ ದೊಡ್ಡ ಅಪಾಯ ನೆಂಟರು ಬರುವ ಮುಂಚೆಯೇ ನಡೆಯುತ್ತದೆ. ಹಾರ್ಪಿಕ್‌ನಂಥ ಟಾಯ್ಲೆಟ್ ಕ್ಲೀನರಿನಲ್ಲಿ, ಅಂಗಡಿಯ ಬಾಟಲಿ ಆಸಿಡ್‌ನಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದರ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. “ನಾಳೆ ನೆಂಟರು ಬರ್ತಾರೆ, ಎರಡೂ ಹಾಕಿ ಚೆನ್ನಾಗಿ ತಿಕ್ಕು” ಎಂದು ಕೆಲಸದಾಕೆಗೆ ಹೇಳಿ ಬಾಗಿಲು ಎಳೆದುಕೊಳ್ಳುವ ಮನೆಗಳಿವೆ. ಕಣ್ಣು ಉರಿದು, ಎದೆ ಬಿಗಿದು ಅವಳು ಹೊರಗೆ ಬಂದರೆ “ಆಸಿಡ್ ಘಾಟು ಹಾಗೇ ಇರತ್ತೆ” ಎಂಬ ಸಮಾಧಾನ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಇವೆರಡನ್ನೂ ಯಾವತ್ತೂ ಒಟ್ಟಿಗೆ ಬಳಸಬಾರದು. ಒಂದನ್ನೇ ಬಳಸುವಾಗಲೂ ಕಿಟಕಿ ತೆರೆದಿರಬೇಕು.

ನುಸಿಗುಳಿಗೆಯ ಬಗ್ಗೆಯೂ ಹೇಳಬೇಕು, ಯಾಕೆಂದರೆ ಬಾಣಂತಿ ನೋಡಲು ಹೋಗುವ ಮನೆಗಳಲ್ಲೇ ಅದು ಹೆಚ್ಚು ಕಾಣಿಸುತ್ತದೆ. ಬಿಳಿ ನ್ಯಾಫ್ತಲೀನ್ ಗುಳಿಗೆ ಪೆಪ್ಪರ್‌ಮೆಂಟಿನ ಹಾಗೆ ಕಾಣುವುದರಿಂದ ತೆವಳುವ ಮಗು ಬಾಯಿಗೆ ಹಾಕಿಕೊಳ್ಳುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಕೂಸುಗಳಿಗೆ ನುಂಗುವುದೇ ಬೇಡ, ಗುಳಿಗೆಯ ಜೊತೆ ಮಡಿಸಿಟ್ಟ ಬಟ್ಟೆ ಹೊದಿಸಿದರೂ ಕೆಂಪು ರಕ್ತಕಣ ಒಡೆದು ಕಾಮಾಲೆ ಏರಬಹುದು. ಬೀರುವಿನಿಂದ ತೆಗೆದ ಹಳೆಯ ಶಾಲಿಗೆ ಆ ವಾಸನೆಯಿದ್ದರೆ ಅದನ್ನು ಒಗೆದು, ಬಿಸಿಲಿಗೆ ಹಾಕದೆ ಕೂಸಿಗೆ ಸುತ್ತಬೇಡಿ. ಸೆಂಟು ಹಾಕಿಕೊಂಡ ಸೆರಗಿಗೆ ಹಸುಗೂಸನ್ನು ಒತ್ತಿ ಹಿಡಿಯಬೇಡಿ. ಎಣ್ಣೆನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಕೊಡುವ ಅಜ್ಜಿಯರಿಗೆ ನನ್ನ ವಿನಂತಿ: ನಿಮ್ಮ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ, ಆದರೆ ಕೂಸಿನ ಎಳೆಯ ಶ್ವಾಸಕೋಶಕ್ಕೆ ಆ ಹೊಗೆ ಬೇಡವೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಟವೆಲ್ಲಿನಿಂದ ತಲೆ ಒರೆಸಿದರೆ ಸಾಕು.

ಇನ್ನೊಂದು ವಿಷಯವನ್ನು ಮನೆಯವರು ತಿಳಿದುಕೊಳ್ಳಬೇಕು. ಬಾತ್‌ರೂಮಿನ ವಾಸನೆ ಎಷ್ಟೋ ಸಲ ನೆಂಟರದಲ್ಲವೇ ಅಲ್ಲ. ಅತಿಥಿಗಳಿಗೆಂದು ಇಟ್ಟ ಬಾತ್‌ರೂಮನ್ನು ವಾರಗಟ್ಟಲೆ ಯಾರೂ ಬಳಸಿರುವುದಿಲ್ಲ. ನೆಲದ ಜಾಲರಿಯ ಕೆಳಗೆ ಪ್ಲಂಬರುಗಳು ನಹಾನಿ ಟ್ರ್ಯಾಪ್ ಎನ್ನುವ ಒಂದು ಬಟ್ಟಲಿರುತ್ತದೆ. ಅದರಲ್ಲಿ ನಿಂತ ನೀರೇ ಚರಂಡಿಯ ಗಾಳಿಯನ್ನು ತಡೆಯುವುದು. ಬೇಸಿಗೆಯಲ್ಲಿ ಆ ನೀರು ಆರಿದರೆ ಚರಂಡಿ ನೇರವಾಗಿ ಮನೆಗೆ ಉಸಿರುಬಿಡುತ್ತದೆ. ಒಂದು ಚೊಂಬು ನೀರು ಸುರಿದರೆ ವಾಸನೆ ನಿಲ್ಲುತ್ತದೆ, ಅದಕ್ಕೆ ಸುಗಂಧದ ಬಿಲ್ಲೆ ಬೇಕಿಲ್ಲ. ಅಪಾರ್ಟ್‌ಮೆಂಟಿನ ಡಕ್ಟಿಗೆ ಎಕ್ಸಾಸ್ಟ್ ಫ್ಯಾನ್ ಬಿಟ್ಟಿರುತ್ತಾರೆ, ಮೇಲಿನ ಮನೆಯ ಗಾಳಿ ಕೆಳಗಿನ ಮನೆಯ ವೆಂಟಿಲೇಟರಿನಲ್ಲಿ ಇಳಿಯುತ್ತದೆ. ಪಾಪ, ಆಗಷ್ಟೇ ಕೈತೊಳೆದು ಬಂದ ನೆಂಟರ ಮುಖ ನೋಡುತ್ತಾರೆ ಎಲ್ಲರೂ.

ವೈಟ್‌ಫೀಲ್ಡ್, ವರ್ತೂರು, ಸರ್ಜಾಪುರ ರಸ್ತೆಯ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಈ ವಾಸನೆಯದೇ ಒಂದು ಬೇರೆ ಬಗೆ ಇದೆ. ಅಲ್ಲಿ ಕೊಳಚೆ ನೀರನ್ನು ಅಪಾರ್ಟ್‌ಮೆಂಟಿನವರೇ ಎಸ್‌ಟಿಪಿ ಎಂಬ ಶುದ್ಧೀಕರಣ ಘಟಕದಲ್ಲಿ ಶುದ್ಧ ಮಾಡಬೇಕು. ಹಾಗೆ ಬಂದ ನೀರನ್ನು ಬೇರೆ ಪೈಪಿನಲ್ಲಿ ಫ್ಲಶ್ ಟ್ಯಾಂಕಿಗೆ ಹಾಯಿಸುತ್ತಾರೆ. ಎಸ್‌ಟಿಪಿಯಲ್ಲಿ ಕೊಳಚೆಯನ್ನು ತಿನ್ನುವುದು ಬ್ಯಾಕ್ಟೀರಿಯಾ, ಅವಕ್ಕೆ ಉಸಿರು ಕೊಡುವುದು ಬ್ಲೋವರ್. ಕರೆಂಟ್ ಬಿಲ್ ಉಳಿಸಲು ಬ್ಲೋವರ್ ನಿಲ್ಲಿಸಿದರೆ ಗಾಳಿಯಿಲ್ಲದೆ ಬದುಕುವ ಬೇರೆ ಬ್ಯಾಕ್ಟೀರಿಯಾ ಏಳುತ್ತವೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಆಗ ಫ್ಲಶ್ ಒತ್ತಿದರೆ ವಾಸನೆ ಕಡಿಮೆಯಾಗುವುದಿರಲಿ, ಹೆಚ್ಚುತ್ತದೆ. ಅದನ್ನು ಮುಚ್ಚಲು ಪ್ರತಿ ಮನೆಯವರೂ ಆಸಿಡ್, ಫಿನಾಯಿಲ್ ಅತಿಯಾಗಿ ಸುರಿಯುತ್ತಾರೆ. ಆ ಸುರಿದದ್ದೆಲ್ಲ ಎಸ್‌ಟಿಪಿಗೇ ಇಳಿದು ಉಪಯೋಗದ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಮರುದಿನ ಫ್ಲಶ್ ನೀರು ಇನ್ನಷ್ಟು ನಾರುತ್ತದೆ. ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿದ್ದನ್ನು, 2017ರಲ್ಲಿ ಆ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡದ್ದನ್ನು ನೋಡಿದ ಜನ ನಾವು. ಮೋರಿಗೆ ಸುರಿದದ್ದು ಎಲ್ಲೋ ಹೋಗಿ ಮುಗಿಯುವುದಿಲ್ಲ ಎಂದು ಈ ಭಾಗದವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಮ ಮನೆಯ ಫ್ಲಶ್ ನಾರುತ್ತಿದ್ದರೆ ಅಸೋಸಿಯೇಷನ್ ಮೀಟಿಂಗಿನಲ್ಲಿ ಎದ್ದು ನಿಂತು ಬ್ಲೋವರ್ ಎಷ್ಟು ಹೊತ್ತು ಓಡುತ್ತಿದೆ ಎಂದು ಕೇಳಿ. ನೆಂಟರಿಗೆ ನೀವು ಮಾಡಬಹುದಾದ ದೊಡ್ಡ ಉಪಚಾರ ಅದು.

ನೀರಿನ ಮಾತು ಬಂದಾಗ ಸದ್ದಿನ ವಿಷಯವನ್ನೂ ಹೇಳಿಬಿಡುತ್ತೇನೆ. ಒಳಗಿನ ಸದ್ದು ಹಾಲಿಗೆ ಕೇಳಬಾರದೆಂದು ನಲ್ಲಿ ತಿರುಗಿಸಿ ಬಿಡುವ ಅಭ್ಯಾಸ ಬಹಳ ಮಂದಿಗಿದೆ, ಹೆಣ್ಣುಮಕ್ಕಳಿಗೆ ಹೆಚ್ಚು. ಜಪಾನಿನಲ್ಲೂ ಹೀಗೇ ಆಗಿ, ಸದ್ದು ಮುಚ್ಚಲು ಮತ್ತೆ ಮತ್ತೆ ಫ್ಲಶ್ ಮಾಡಿ ನೀರು ಪೋಲಾಗುತ್ತಿತ್ತು. ಟೋಟೋ ಕಂಪನಿ 1988ರಲ್ಲಿ ನೀರಿನ ಸದ್ದನ್ನಷ್ಟೇ ಹೊರಡಿಸುವ ಒಂದು ಯಂತ್ರ ತಂದಿತು. ನಮಗೆ ಯಂತ್ರ ಬೇಡ, ಸ್ವಲ್ಪ ಧೈರ್ಯ ಸಾಕು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಹಾಕಿದ ಊರು ಇದು. ಆ ಬೇಸಿಗೆಯಲ್ಲಿ ವೈಟ್‌ಫೀಲ್ಡ್ ಕಡೆಯ ಮನೆಗಳು ಟ್ಯಾಂಕರಿಗೆ ಕಾದು ಕೂತಿದ್ದವು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ ನೀರು ಹೊರವಲಯದ 110 ಹಳ್ಳಿಗಳಿಗೆಂದು ಹರಿಯತೊಡಗಿತಾದರೂ ಟ್ಯಾಂಕರನ್ನು ನೆಚ್ಚಿಕೊಂಡ ಮನೆಗಳು ಇನ್ನೂ ಇವೆ. ಸದ್ದು ಮುಚ್ಚಲು ಬಿಟ್ಟ ನಲ್ಲಿಯಲ್ಲಿ ಹೋಗುವುದು ಆ ಮನೆಯವರು ದುಡ್ಡು ಕೊಟ್ಟು ತರಿಸಿದ ನೀರು.

ಹಾಗಾದರೆ ನೆಂಟರು ಏನು ಮಾಡಬೇಕು? ಒಳಗೆ ಹೋದ ಕೂಡಲೇ ಎಕ್ಸಾಸ್ಟ್ ಫ್ಯಾನ್ ಹಾಕಿ, ವೆಂಟಿಲೇಟರಿನ ಗಾಜು ತೆಗೆಯಿರಿ. ಎದ್ದ ತಕ್ಷಣ ಮುಚ್ಚಳ ಹಾಕಿ ಫ್ಲಶ್ ಮಾಡಿ, ಒಮ್ಮೆಗೆ ಹೋಗದಿದ್ದರೆ ಬಕೆಟ್ಟಿನಿಂದ ನೀರು ಹಾಕಿ. ಬ್ರಷ್ ಇದ್ದರೆ ಬಳಸಿ, ಅದರಲ್ಲಿ ಅವಮಾನವೇನಿಲ್ಲ. ನೆಲ ಒದ್ದೆಯಾಗಿದ್ದರೆ ವೈಪರಿನಲ್ಲಿ ಎಳೆಯಿರಿ, ಮನೆಯಲ್ಲಿ ವಯಸ್ಸಾದವರಿರುತ್ತಾರೆ. ಹೊರಗೆ ಬರುವಾಗ ಫ್ಯಾನ್ ಆರಿಸಬೇಡಿ, ಬಾಗಿಲು ಮುಚ್ಚಿ ಬನ್ನಿ. “ಫ್ಯಾನ್ ಹಾಗೇ ಬಿಟ್ಟಿದೀನಿ ಅಕ್ಕಾ, ಹತ್ತು ನಿಮಿಷ ಇರಲಿ” ಎಂದು ಹೇಳುವುದು ಕಷ್ಟವೇ? ಹೇಳಿ ನೋಡಿ. ಫ್ಲಶ್ ಕೆಟ್ಟಿದ್ದರೆ, ಏನಾದರೂ ಕಟ್ಟಿಕೊಂಡಿದ್ದರೆ ಅದನ್ನೂ ಮೆಲ್ಲಗೆ ಮನೆಯವರ ಕಿವಿಗೆ ಹಾಕಿ. ಬೇರೆಯವರ ಮನೆಗೆ ಹೊರಡುವ ಮುಂಚೆ ಸೆಂಟು ಹಾಕಿಕೊಳ್ಳುವವರು ಆ ಮನೆಯಲ್ಲಿ ಉಬ್ಬಸದವರು, ಮೈಗ್ರೇನ್ ಇರುವವರು, ಬಸುರಿ ಹೆಂಗಸರು ಇದ್ದಾರೆಯೇ ಎಂದು ಒಂದು ಮಾತು ಕೇಳಿ.

ಮನೆಯವರಿಗೆ ನನ್ನ ಮಾತು ಇದು. ನೆಂಟರು ಒಳಗಿದ್ದಾಗ ಬಾಗಿಲ ಕಡೆ ನೋಡಬೇಡಿ, ಟಿವಿಯ ಸದ್ದು ಸ್ವಲ್ಪ ಹೆಚ್ಚೇ ಇರಲಿ. ಅವರು ಬಂದ ಮೇಲೆ ಮಕ್ಕಳು “ಥೂ” ಎಂದು ಮೂಗು ಹಿಡಿದರೆ ನಗಬೇಡಿ, ಪಕ್ಕಕ್ಕೆ ಕರೆದು ತಿಳಿಹೇಳಿ. ಬಕೆಟ್, ಚೊಂಬು, ಸಾದಾ ಸೋಪು, ಒಗೆದ ಟವೆಲ್ ಇಡಿ. ಸುಗಂಧದ ಬಿಲ್ಲೆ ತೆಗೆದುಬಿಡಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಸೆಂಟು ಆಗದಿದ್ದರೆ ಕರೆಯುವಾಗಲೇ ಹೇಳಿ. ಕಾಫಿ ಕೊಡಲು ಬಂದಾಗ “ನಂಗೆ ಶುಗರ್ರು, ಸಕ್ಕರೆ ಬೇಡಮ್ಮ” ಎಂದು ಮಾವನವರು ಎಷ್ಟು ಸಲೀಸಾಗಿ ಹೇಳುತ್ತಾರೆ, ಯಾರಿಗೂ ಅದರಿಂದ ಬೇಜಾರಿಲ್ಲ. “ನಮ್ಮ ಪುಟ್ಟಿಗೆ ಉಬ್ಬಸ, ಸೆಂಟು ಹಾಕ್ಕೊಳ್ದೆ ಬನ್ನಿ” ಎಂಬುದೂ ಅಷ್ಟೇ ಸಲೀಸಾಗಬೇಕು. ವಾಟ್ಸಾಪಿನಲ್ಲಿ ಲೊಕೇಷನ್ ಕಳಿಸುವಾಗ ಈ ಒಂದು ಸಾಲನ್ನೂ ಸೇರಿಸಿ.

ನಾಚಿಕೆಯ ಬೆಲೆ ಹೆಚ್ಚು ತೆರುವವರು ಹೆಂಗಸರು. ತುಮಕೂರು, ಮಾಗಡಿ, ಆನೇಕಲ್ ಕಡೆಯಿಂದ ಬಸ್ಸು ಹಿಡಿದು ಮಧ್ಯಾಹ್ನದ ನಾಮಕರಣಕ್ಕೆ ಬಂದ ದೊಡ್ಡಮ್ಮ ಬೆಳಿಗ್ಗೆಯಿಂದ ನೀರು ಕುಡಿದಿರುವುದಿಲ್ಲ, ಕುಡಿದರೆ ಹೋಗಬೇಕಾಗುತ್ತದಲ್ಲ ಎಂದು. ಹಾಲಿನ ತುಂಬ ಗಂಡಸರು ಕೂತಿರುವಾಗ ಆ ಬಾಗಿಲ ಕಡೆ ನಡೆಯಲು ಸಂಕೋಚಪಟ್ಟು ಸಂಜೆವರೆಗೂ ತಡೆದುಕೊಳ್ಳುತ್ತಾರೆ. ಹೀಗೆ ತಡೆದು ತಡೆದು ಮೂತ್ರದ ಸೋಂಕು, ಮಲಬದ್ಧತೆ ಅಂಟಿಸಿಕೊಂಡವರು ಪ್ರತಿ ಮನೆಯಲ್ಲೂ ಸಿಗುತ್ತಾರೆ. ನೆಂಟರು ಬಂದ ಐದು ನಿಮಿಷಕ್ಕೆ, ಅವರು ಕೇಳುವ ಮುಂಚೆಯೇ, “ದೊಡ್ಡಮ್ಮ, ಬಾತ್‌ರೂಮ್ ಇಲ್ಲಿದೆ, ಫ್ಯಾನಿನ ಸ್ವಿಚ್ಚು ಹೊರಗಿದೆ, ಬನ್ನಿ” ಎಂದು ಕರೆದುಕೊಂಡು ಹೋಗಿ ತೋರಿಸಿ. ರೂಮಿನೊಳಗಿನ ಬಾತ್‌ರೂಮ್ ಇದ್ದರೆ ಅವರಿಗೆ ಅದನ್ನೇ ಬಿಟ್ಟುಕೊಡಿ.

ಕೊನೆಯದಾಗಿ, ನಮ್ಮ ಬಾತ್‌ರೂಮಿನ ವಾಸನೆಯನ್ನು ದಿನವೂ ಹೊರುವವರ ಬಗ್ಗೆ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಮಲದ ವಾಸನೆಯನ್ನು ಕೆಲವರ ಪಾಲಿಗೆ ಹುಟ್ಟಿನಿಂದಲೇ ಬರೆದಿಟ್ಟ ವ್ಯವಸ್ಥೆಗೆ ಈ ರಾಜ್ಯ ಕೊಟ್ಟ ದೊಡ್ಡ ಪೆಟ್ಟು ಅದು. ಆದರೂ ಇಂದಿಗೂ, ನೆಂಟರಿಗಾಗಿ ನಮ್ಮ ಕಮೋಡನ್ನು ಬರಿಗೈಯಲ್ಲಿ ತಿಕ್ಕಿ ಹೊಳೆಯಿಸುವ ಹೆಂಗಸಿಗೆ ಅದೇ ಬಾತ್‌ರೂಮ್ ಬಳಸಲು ಬಿಡದ ಮನೆಗಳು ಈ ಐಟಿ ಬಡಾವಣೆಗಳಲ್ಲಿ ತುಂಬಿವೆ. ನಾಲ್ಕು ಮನೆ ಕೆಲಸ ಮುಗಿಸುವವರೆಗೆ ಅವಳು ಬೇಸ್‌ಮೆಂಟಿನ ಒಂದು ಟಾಯ್ಲೆಟ್ಟಿಗೆ ಇಳಿದು ಹತ್ತಬೇಕು, ಇಲ್ಲವೇ ತಡೆದುಕೊಳ್ಳಬೇಕು. ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಗಂಟೆ ಇರುವವಳು ವರ್ಷಕ್ಕೊಮ್ಮೆ ಬರುವ ನೆಂಟರಿಗಿಂತ ಹತ್ತಿರದವಳು. ಅವಳಿಗೆ ಗ್ಲೌಸ್ ಕೊಡಿಸಿ, ಆಸಿಡ್ ಬಿಡಿಸಿ. ನಾಳೆ ಬೆಳಿಗ್ಗೆ ಅವಳು ಬಂದಾಗ ಹೇಳಿ: “ಬೇಕಾದಾಗ ನಮ್ಮ ಬಾತ್‌ರೂಮಿಗೇ ಹೋಗಮ್ಮ, ಕೇಳಬೇಕಾಗಿಲ್ಲ.”

ಇಂತಿ ನಿಮ್ಮವಳು,
ಪೀಣ್ಯ ಕಡೆಯ ಒಬ್ಬ ಗೃಹಿಣಿ